ಜಾಲಪುಟಗಳ ವೇಷವೂ ಓದುಗನ ಪಾಡೂ

ಕಳೆದ ವಾರ ನಮ್ಮ ಪರಿಚಯದ ನಿವೃತ್ತ ಉಪಾಧ್ಯಾಯರೊಬ್ಬರು ಕೈಯಲ್ಲಿ ಮೊಬೈಲು ಹಿಡಿದುಕೊಂಡು ನಮ್ಮ ಕಚೇರಿಗೆ ದಯಮಾಡಿಸಿದ್ದರು. 35 ವರ್ಷ ಕಾಲ ಮಕ್ಕಳಿಗೆ ಅಕ್ಷರ ತಿದ್ದಿಸಿದ ಆ ಹಿರಿಯರು, ತಮಗೆ ಸಲ್ಲಬೇಕಾದ ಹಣವೊಂದರ ವಿಷಯದಲ್ಲಿ ಜಾಲಪುಟದ ಅರ್ಜಿಯನ್ನು ಮೊದಲಿನಿಂದ ಕೊನೆಯವರೆಗೂ ತಪ್ಪಿಲ್ಲದೆ ತುಂಬಿದ್ದರು. ಆದರೆ ತುಂಬಿದ ಅರ್ಜಿಯನ್ನು ಒಪ್ಪಿಸುವ ಗುಂಡಿ ಎಲ್ಲಿದೆಯೆಂಬುದು ಎರಡು ದಿನ ಹುಡುಕಿದರೂ ಅವರಿಗೆ ಗೊತ್ತಾಗಿರಲಿಲ್ಲ. ನಾವೂ ಕನ್ನಡಕವನ್ನು ಒರೆಸಿಕೊಂಡು ನೋಡಿದೆವು. ಬಿಳಿಯ ಹಿನ್ನೆಲೆಯ ಮೇಲೆ ಬೂದಿಬಣ್ಣದ ಸಣ್ಣ ಅಕ್ಷರಗಳಲ್ಲಿ, ಸುತ್ತಲೂ ಚೌಕಟ್ಟಿಲ್ಲದೆ, ಕೆಳಗೆ ಅಡಿಗೆರೆಯಿಲ್ಲದೆ, 'ಮುಂದುವರಿಸಿ' ಎಂಬ ಮಾತು ಪುಟದ ಬುಡದಲ್ಲಿ ಅಡಗಿ ಕುಳಿತಿತ್ತು. ನಮ್ಮ ಕಚೇರಿಯ ಹುಡುಗನು ಅದನ್ನು ಒತ್ತಿ ಕೆಲಸ ಮುಗಿಸಿಕೊಟ್ಟನು. ಹಿರಿಯರು, "ಇದೆಲ್ಲ ನನಗೆ ತಿಳಿಯದು ಸ್ವಾಮಿ, ತಪ್ಪು ನನ್ನದೇ" ಎಂದು ನೊಂದುಕೊಂಡು ಹೊರಟುಹೋದರು.

ತಪ್ಪು ಅವರದಲ್ಲವೆಂದು ನಾವು ಅಂದು ಅವರಿಗೆ ಹೇಳಬೇಕಾಗಿದ್ದಿತು. ಅಂದು ಹೇಳದ ಮಾತನ್ನು ಇಂದು ಹೇಳುತ್ತಿದ್ದೇವೆ. ಕುಣಿಯಲಾರದವಳು ನೆಲ ಡೊಂಕೆಂದಳೆಂಬ ಗಾದೆಯನ್ನು ಇಂಥ ಪ್ರಸಂಗಗಳಲ್ಲಿ ಎತ್ತಿ ಆಡುವವರು ಬಹು ಮಂದಿಯಿದ್ದಾರೆ. ನೆಲವೇ ಡೊಂಕಾಗಿರುವುದೂ ಉಂಟೆಂಬುದನ್ನು ಅವರು ಮರೆಯುತ್ತಾರೆ. ಜಾಲಪುಟಗಳನ್ನೂ ಮೊಬೈಲಿನ ಆಪ್‌ಗಳನ್ನೂ ರೂಪಿಸುವವರಲ್ಲಿ ಈಚಿನ ವರ್ಷಗಳಲ್ಲಿ ಒಂದರ ಬೆನ್ನಿಗೊಂದರಂತೆ ಬಂದ ವೇಷಾಂತರಗಳನ್ನು ಪರಿಶೀಲಿಸಿದರೆ, ನೋಟದ ನಯಕ್ಕಾಗಿ ಓದುಗನ ಅನುಕೂಲವನ್ನು ಮತ್ತೆ ಮತ್ತೆ ಬಲಿಗೊಟ್ಟಿರುವುದು ಸ್ಪಷ್ಟವಾಗಿ ಕಂಡುಬರುತ್ತದೆ. ಇದು ರುಚಿಭೇದದ ಪ್ರಶ್ನೆ ಮಾತ್ರವಾಗಿದ್ದರೆ ನಾವು ಈ ಅಂಕಣವನ್ನು ಇದಕ್ಕಾಗಿ ವಿನಿಯೋಗಿಸುತ್ತಿರಲಿಲ್ಲ. ಪಿಂಚಣಿ, ಪಹಣಿ, ವಿದ್ಯಾರ್ಥಿವೇತನ, ಬ್ಯಾಂಕಿನ ವ್ಯವಹಾರ, ರೈಲಿನ ಟಿಕೇಟು ಮೊದಲಾದುವೆಲ್ಲವೂ ಪರದೆಯನ್ನೇ ಅವಲಂಬಿಸುತ್ತ ಬಂದಿರುವ ಈ ಕಾಲದಲ್ಲಿ ಪುಟದ ವಿನ್ಯಾಸವು ಪ್ರಜೆಯ ಹಕ್ಕಿಗೆ ಸಂಬಂಧಪಟ್ಟ ವಿಷಯವಾಗಿ ಪರಿಣಮಿಸಿದೆ.

ಆರಂಭದಲ್ಲಿ ಸ್ಥಿತಿಯು ಹೀಗಿರಲಿಲ್ಲ. ಟಿಮ್ ಬರ್ನರ್ಸ್-ಲೀ ಎಂಬ ವಿಜ್ಞಾನಿಯು ಜಿನೀವಾ ನಗರದ ಬಳಿಯ ಸರ್ನ್ ಸಂಸ್ಥೆಯಲ್ಲಿ 1991ರಲ್ಲಿ ಲೋಕಕ್ಕೆ ತೆರೆದಿಟ್ಟ ಮೊದಲ ಜಾಲಪುಟದಲ್ಲಿ ಬರಹವಲ್ಲದೆ ಬೇರಾವ ಆಡಂಬರವೂ ಇರಲಿಲ್ಲ. 1993ರಲ್ಲಿ ಬಂದ ಮೊಸಾಯಿಕ್ ಎಂಬ ಬ್ರೌಸರಿನ ಕಾಲದಿಂದ, ಒತ್ತಿದರೆ ಬೇರೆಡೆಗೆ ಕರೆದೊಯ್ಯುವ ಮಾತುಗಳು ನೀಲಿಬಣ್ಣದಲ್ಲಿ ಅಡಿಗೆರೆ ಸಹಿತವಾಗಿ ಕಾಣುವ ರೂಢಿಯು ನೆಲೆಗೊಂಡಿತು. ನೀಲಿ ಕಂಡರೆ ದಾರಿ, ಕಪ್ಪು ಕಂಡರೆ ಬರಹ. ಇಷ್ಟು ತಿಳಿದವನಿಗೆ ಜಾಲದಲ್ಲಿ ಸಂಚರಿಸಲು ಬೇರೆ ಗುರು ಬೇಕಾಗಿರಲಿಲ್ಲ. ಯಾವ ವಸ್ತುವೇ ಆಗಲಿ, ತನ್ನನ್ನು ಹೇಗೆ ಬಳಸಬೇಕೆಂಬುದನ್ನು ತಾನೇ ತೋರಿಸಿಕೊಡಬೇಕೆಂದು ಡೊನಾಲ್ಡ್ ನಾರ್ಮನ್ ಎಂಬ ಅಮೆರಿಕದ ವಿದ್ವಾಂಸರು 1988ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದ್ದರು. ತಳ್ಳಬೇಕೋ ಎಳೆಯಬೇಕೋ ತಿಳಿಯದ ಬಾಗಿಲಿನ ಮುಂದೆ ಮನುಷ್ಯನು ತಡವರಿಸಿದರೆ ದೋಷವು ಬಾಗಿಲು ಮಾಡಿದವನದೆಂಬುದು ಅವರ ವಾದದ ಸಾರ.

ಮುಂದೆ ಮೊಬೈಲು ಬಂದಿತು. ಗಾಜಿನ ಪರದೆಯನ್ನು ಬೆರಳಿನಿಂದ ಮುಟ್ಟುವುದು ಜನಕ್ಕೆ ಹೊಸದಾಗಿದ್ದುದರಿಂದ, ಆಪಲ್ ಕಂಪೆನಿಯವರು ಪಂಚಾಂಗದ ಪುಟಕ್ಕೆ ಚರ್ಮದ ಹೊದಿಕೆಯ ಚಿತ್ರವನ್ನೂ, ಪುಸ್ತಕಗಳಿಗೆ ಮರದ ಕಪಾಟಿನ ಚಿತ್ರವನ್ನೂ, ಟಿಪ್ಪಣಿಗೆ ಹಳದಿ ಕಾಗದದ ಚಿತ್ರವನ್ನೂ ಅಳವಡಿಸಿದರು. ಈ ಅಲಂಕಾರವು ಕ್ರಮೇಣ ಅತಿಯಾಯಿತೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಅದರ ಪ್ರತಿಕ್ರಿಯೆಯಾಗಿ 'ಚಪ್ಪಟೆ ವಿನ್ಯಾಸ'ವೆಂಬ ಪಂಥವು ತಲೆಯೆತ್ತಿತು. 2012ರಲ್ಲಿ ಮೈಕ್ರೋಸಾಫ್ಟಿನ ವಿಂಡೋಸ್ 8, 2013ರಲ್ಲಿ ಆಪಲ್‌ನ ಐಓಎಸ್ 7, ಈ ಎರಡೂ ನೆರಳು, ಉಬ್ಬು, ಅಂಚುಗಳನ್ನು ಬಹುಮಟ್ಟಿಗೆ ತೊಡೆದುಹಾಕಿದವು. ಬೇರೆ ಬೇರೆ ಅಳತೆಯ ಪರದೆಗಳಿಗೆ ಹೊಂದಿಕೊಳ್ಳಲು ಸರಳರೂಪವೇ ಅನುಕೂಲವೆಂಬ ವಾದದಲ್ಲಿ ಹುರುಳಿಲ್ಲದೆ ಇರಲಿಲ್ಲ. ಆದರೆ ಕಸವನ್ನು ಗುಡಿಸುವ ಭರದಲ್ಲಿ ಮನೆಯ ದೀಪವನ್ನೂ ಹೊರಗೆಸೆದಂತೆ, ಚರ್ಮದ ಚಿತ್ರದೊಂದಿಗೆ ಗುಂಡಿಯ ಗುರುತೂ ಮಾಯವಾಯಿತು.

ಇದರ ಫಲವನ್ನು ಆ ಕಂಪೆನಿಗಳೇ ಅನುಭವಿಸಿದವು. ವಿಂಡೋಸ್ 8ರಲ್ಲಿ ಕಿತ್ತುಹಾಕಿದ್ದ 'ಸ್ಟಾರ್ಟ್' ಗುಂಡಿಯನ್ನು ಮೈಕ್ರೋಸಾಫ್ಟಿನವರು 2013ರ ಅಕ್ಟೋಬರಿನಲ್ಲಿ ಮರಳಿ ತರಬೇಕಾಯಿತು. ಗುಂಡಿಗಳಿಗೆ ಆಕಾರವನ್ನು ತೋರಿಸುವ ಐಚ್ಛಿಕ ಸೌಕರ್ಯವೊಂದನ್ನು ಆಪಲ್‌ನವರು 2014ರ ಮಾರ್ಚಿಯಲ್ಲಿ ಸೇರಿಸಬೇಕಾಯಿತು. ಗೂಗಲ್‌ನವರು 2014ರಲ್ಲಿ ಪ್ರಕಟಿಸಿದ 'ಮೆಟೀರಿಯಲ್ ಡಿಸೈನ್' ಎಂಬ ಪದ್ಧತಿಯಲ್ಲಿ ನೆರಳಿಗೆ ಮತ್ತೆ ಸ್ಥಾನ ದೊರೆಯಿತು. ಇಷ್ಟಾದ ಮೇಲೂ ಪಾಠ ಕಲಿತರೆಂದು ಹೇಳುವಂತಿಲ್ಲ. 2025ರಲ್ಲಿ ಆಪಲ್‌ನವರು 'ಲಿಕ್ವಿಡ್ ಗ್ಲಾಸ್' ಎಂಬ ಹೆಸರಿನಲ್ಲಿ, ಹಿಂದಿನ ಚಿತ್ರವು ಮುಂದಿನ ಅಕ್ಷರದೊಳಗೆ ಹಾಯ್ದು ಕಾಣುವ ಗಾಜಿನ ವೇಷವನ್ನು ತಂದರು. ಓದಲು ತೊಡಕೆಂಬ ಆಕ್ಷೇಪಣೆಗಳೆದ್ದವು. ಅದೇ ವರ್ಷದೊಳಗೆ ಗಾಜನ್ನು ಮಸಕುಗೊಳಿಸುವ ಆಯ್ಕೆಯೊಂದನ್ನು ಒದಗಿಸಿದರು. ಮೊದಲು ಮೋಹ, ಅನಂತರ ಆಕ್ಷೇಪಣೆ, ಕೊನೆಗೆ ಪ್ರಾಯಶ್ಚಿತ್ತ. ಈ ಚಕ್ರವು ತಿರುಗುತ್ತಲೇ ಇದೆ. ದೊಡ್ಡ ಕಂಪೆನಿಗಳು ಪ್ರಾಯಶ್ಚಿತ್ತವನ್ನಾದರೂ ಮಾಡಿಕೊಳ್ಳುತ್ತವೆ. ಅವರ ಮೋಹವನ್ನು ಮಾತ್ರ ಅನುಕರಿಸುವ ಸಣ್ಣಪುಟ್ಟ ಸಂಸ್ಥೆಗಳೂ ಕಚೇರಿಗಳೂ ಪ್ರಾಯಶ್ಚಿತ್ತದ ತನಕ ಹೋಗುವುದು ಅಪರೂಪ.

ಬೂದಿಬಣ್ಣದ ಅಕ್ಷರಗಳ ಹಾವಳಿಯೂ ಇದೇ ಮೋಹದ ಸಂತತಿ. ಅಕ್ಷರದ ಬಣ್ಣಕ್ಕೂ ಹಿನ್ನೆಲೆಯ ಬಣ್ಣಕ್ಕೂ ಬೆಳಕಿನ ತಾರತಮ್ಯವು ಕನಿಷ್ಠ ಪಕ್ಷ 4.5ಕ್ಕೆ 1ರ ಪ್ರಮಾಣದಲ್ಲಿ ಇರತಕ್ಕದ್ದೆಂದು ಜಾಲದ ಮಟ್ಟಗಳನ್ನು ಗೊತ್ತುಪಡಿಸುವ ಡಬ್ಲ್ಯು3ಸಿ ಸಂಸ್ಥೆಯು 2008ರಲ್ಲಿಯೇ ವಿಧಿಸಿದೆ. ಆದರೆ ವೆಬ್‌ಏಮ್ ಎಂಬ ಸಂಸ್ಥೆಯವರು 2025ರಲ್ಲಿ 10 ಲಕ್ಷ ಮುಖಪುಟಗಳನ್ನು ಯಂತ್ರದಿಂದ ಪರೀಕ್ಷಿಸಿದಾಗ, ನೂರಕ್ಕೆ 79ರಷ್ಟು ಪುಟಗಳಲ್ಲಿ ಈ ನಿಯಮವನ್ನು ಮೀರಿದ ಅಕ್ಷರಗಳು ದೊರೆತವು. ಬಹುಮಂದಿ ವಿನ್ಯಾಸಕಾರರು ತರುಣರು. ಒಳ್ಳೆಯ ಪರದೆಯ ಮುಂದೆ, ತಂಪಾದ ಕೋಣೆಯಲ್ಲಿ ಕುಳಿತು ಕೆಲಸ ಮಾಡುವವರು. ಕಣ್ಣಿಗೆ ಪೊರೆ ಬಂದ ವೃದ್ಧನೂ, ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ ಹೊಲದ ಬದುವಿನ ಮೇಲೆ ನಿಂತು ಅಗ್ಗದ ಮೊಬೈಲನ್ನು ನೋಡುವ ರೈತನೂ ಅವರ ಕಣ್ಣ ಮುಂದೆ ಸುಳಿದಂತೆ ತೋರುವುದಿಲ್ಲ.

ಮೋಹದಿಂದಾದ ಕೆಡುಕಿಗಿಂತ ಲೋಭದಿಂದಾದ ಕೆಡುಕು ಹೆಚ್ಚಿನದು. ಗುಂಡಿ ಕಾಣದಿರುವುದು ಸಹಜವೆಂಬ ಅಭ್ಯಾಸವು ಜನಕ್ಕೆ ಒಮ್ಮೆ ಹತ್ತಿದರೆ, ಬೇಕೆಂದೇ ಗುಂಡಿಯನ್ನು ಬಚ್ಚಿಡುವವನಿಗೆ ಹಬ್ಬವೇ ಸರಿ. 'ಒಪ್ಪಿದೆ' ಎಂಬುದು ಹಸುರು ಬಣ್ಣದಲ್ಲಿ ಅಂಗೈಯಗಲ. 'ಬೇಡ' ಎಂಬುದು ಮೂಲೆಯಲ್ಲಿ ಸಾಸಿವೆಕಾಳಿನಷ್ಟು. ಕೇಳದ ವಿಮೆಯು ತಾನಾಗಿ ಬಿಲ್ಲಿನೊಳಗೆ ಸೇರಿರುತ್ತದೆ. ಇಂಥ ಕುಟಿಲ ವಿನ್ಯಾಸಗಳಿಗೆ ಹ್ಯಾರಿ ಬ್ರಿಗ್ನಲ್ ಎಂಬ ಆಂಗ್ಲ ವಿನ್ಯಾಸಕಾರರು 2010ರಲ್ಲಿ 'ಡಾರ್ಕ್ ಪ್ಯಾಟರ್ನ್' ಎಂದು ನಾಮಕರಣ ಮಾಡಿದರು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ನಿನವರು 2023ರಲ್ಲಿ ಅಮೆಜಾನ್ ಕಂಪೆನಿಯ ಮೇಲೆ ಹೂಡಿದ ದಾವೆಯಲ್ಲಿ, ಗ್ರಾಹಕರನ್ನು ಅವರ ಸರಿಯಾದ ಸಮ್ಮತಿಯಿಲ್ಲದೆ 'ಪ್ರೈಮ್' ಚಂದಾದಾರರನ್ನಾಗಿ ಮಾಡಿಕೊಂಡು, ಬಿಟ್ಟುಹೋಗುವ ದಾರಿಯನ್ನು ಸುತ್ತುಬಳಸು ಮಾಡಿದರೆಂದು ಆಪಾದಿಸಿದರು. ಆ ದಾರಿಗೆ ಕಂಪೆನಿಯ ಒಳಗೆ ಗ್ರೀಕರ ಮಹಾಕಾವ್ಯವಾದ 'ಇಲಿಯಡ್'ನ ಹೆಸರಿತ್ತೆಂದು ದೂರಿನಲ್ಲಿ ಹೇಳಿದೆ. ಚಂದಾ ನಿಲ್ಲಿಸಬೇಕಾದರೆ ಟ್ರಾಯ್ ಯುದ್ಧದಷ್ಟು ಪಾಡು ಪಡಬೇಕೆಂದು ಹೆಸರಿಟ್ಟವರೇ ಒಪ್ಪಿಕೊಂಡಂತಾಯಿತು! ತಪ್ಪನ್ನು ಒಪ್ಪಿಕೊಳ್ಳದೆಯೇ ಆ ಕಂಪೆನಿಯು 2025ರ ಸೆಪ್ಟೆಂಬರಿನಲ್ಲಿ 250 ಕೋಟಿ ಡಾಲರುಗಳಿಗೆ ರಾಜಿ ಮಾಡಿಕೊಂಡಿತು.

ನಮ್ಮ ದೇಶದಲ್ಲಿಯೂ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದವರು 2023ರ ನವೆಂಬರ್ 30ರಂದು ಮಾರ್ಗಸೂತ್ರಗಳನ್ನು ಹೊರಡಿಸಿ 13 ಬಗೆಯ ಕುಟಿಲ ವಿನ್ಯಾಸಗಳನ್ನು ನಿಷೇಧಿಸಿದ್ದಾರೆ. ಸುಳ್ಳು ತುರ್ತನ್ನು ಸಾರುವುದು, ಬೇಡವೆಂದವನನ್ನು ನಾಚಿಸುವುದು, ಬೆಲೆಯನ್ನು ಹನಿಹನಿಯಾಗಿ ಹೊರಗೆಡಹುವುದು ಇವೆಲ್ಲವೂ ಆ ಪಟ್ಟಿಯಲ್ಲಿವೆ. ತಮ್ಮ ಪುಟಗಳನ್ನು ತಾವೇ ತಪಾಸಣೆ ಮಾಡಿಕೊಳ್ಳಬೇಕೆಂದು ವ್ಯಾಪಾರಿ ಜಾಲತಾಣಗಳಿಗೆ 2025ರ ಜೂನಿನಲ್ಲಿ 3 ತಿಂಗಳ ಅವಧಿಯನ್ನೂ ಕೊಟ್ಟರು. ಕ್ರಮವು ಶ್ಲಾಘ್ಯವಾದುದು. ಆದರೆ ತಪ್ಪು ಮಾಡಿದವನ ಕೈಗೇ ತಪಾಸಣೆಯನ್ನು ಒಪ್ಪಿಸಿ ಸುಮ್ಮನಾದರೆ ಬೆಕ್ಕಿಗೆ ಹಾಲಿನ ಕಾವಲು ಕೊಟ್ಟಂತಾಗುತ್ತದೆ.

ಇನ್ನು ನಮ್ಮ ನುಡಿಗೆ ಸಂಬಂಧಿಸಿದ ಮಾತು. ಪರದೆಯ ಫ್ಯಾಷನ್ನುಗಳೆಲ್ಲ ರೋಮನ್ ಲಿಪಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದವು. ಅವನ್ನು ಹಾಗೆಯೇ ತಂದು ಕನ್ನಡದ ಮೇಲೆ ಹೊದಿಸಿದರೆ ಅಂಗಿಯು ಮೈಗೆ ಹಿಡಿಯುವುದಿಲ್ಲ. ನಮ್ಮ ಅಕ್ಷರಕ್ಕೆ ಕೆಳಗೆ ಒತ್ತು ಬರುತ್ತದೆ. 'ರಾಷ್ಟ್ರ'ದಂಥ ಮಾತಿನಲ್ಲಿ ಒಂದಕ್ಕೆ ಎರಡು ಒತ್ತುಗಳು ಜೋತುಬೀಳುತ್ತವೆ. ಸೀಸದ ಮೊಳೆಗಳ ಕಾಲದಲ್ಲಿ ಸಾಲು ಸಾಲುಗಳ ನಡುವೆ ತೆಳುವಾದ ಪಟ್ಟಿಯನ್ನಿಟ್ಟು ಅವಕ್ಕೆ ಎಡೆಮಾಡಿಕೊಡುವುದನ್ನು ಅಚ್ಚುಕೂಟದವರು ಬಲ್ಲವರಾಗಿದ್ದರು. ಇಂಗ್ಲಿಷಿನ ಅಳತೆಗೆ ಕೊಯ್ದ ಗುಂಡಿಯೊಳಗೆ ಕನ್ನಡವನ್ನು ತುರುಕಿದಾಗ ಒತ್ತು ಕತ್ತರಿಸಿಹೋಗುತ್ತದೆ. ಆಗ 'ಕತ್ತೆ'ಯು 'ಕತೆ'ಯಾಗುತ್ತದೆ, 'ಮಗ್ಗ'ವು 'ಮಗ'ನಾಗುತ್ತದೆ. ಮಗ್ಗಕ್ಕೆ ಸಾಲ ಕೇಳುವ ನೇಕಾರನಿಗೆ ಇದು ನಗುವ ವಿಷಯವಲ್ಲ. 'ರದ್ದುಗೊಳಿಸಿ' ಎಂಬ ಉದ್ದನೆಯ ಮಾತು ಗುಂಡಿಯ ಅಂಚಿಗೆ ಬಡಿದು ಅರ್ಧಕ್ಕೆ ನಿಲ್ಲುತ್ತದೆ. ದೊಡ್ಡಕ್ಷರ ಚಿಕ್ಕಕ್ಷರಗಳ ಭೇದವು ನಮ್ಮಲ್ಲಿ ಇಲ್ಲವಾದ್ದರಿಂದ, ದೊಡ್ಡಕ್ಷರದಿಂದಲೇ ತಲೆಬರಹವನ್ನು ತೋರಿಸುವ ಇಂಗ್ಲಿಷ್ ಪುಟವು ಕನ್ನಡಕ್ಕೆ ಬಂದಾಗ ತಲೆಯಾವುದು ಕಾಲಾವುದು ತಿಳಿಯದಂತಾಗುತ್ತದೆ. ಇದಲ್ಲದೆ 'ತೆರೆ', 'ಅಳಿಸು', 'ಕಳುಹಿಸು' ಎಂದು ಎಪ್ಪತ್ತು ವರ್ಷದ ಮುದುಕರನ್ನು ಏಕವಚನದಲ್ಲಿ ಗದರಿಸುವ ಪುಟಗಳೂ ಉಂಟು. ಕನ್ನಡಕ್ಕೆ 1991ರಲ್ಲಿಯೇ ಯೂನಿಕೋಡಿನಲ್ಲಿ ಸ್ಥಾನ ದೊರೆತಿದೆ. ಯಂತ್ರವು ಕನ್ನಡವನ್ನು ಬಲ್ಲದು. ಪುಟವನ್ನು ರೂಪಿಸುವವರು ಕನ್ನಡವನ್ನು ನೆನೆಯಬೇಕಷ್ಟೆ.

ವ್ಯಾಪಾರಿಯ ಪುಟವು ಹಿಡಿಸದಿದ್ದರೆ ಗ್ರಾಹಕನು ಬೇರೆ ಅಂಗಡಿಗೆ ಹೋಗಬಹುದು. ಸರಕಾರವೆಂಬ ಅಂಗಡಿಯು ಒಂದೇ ಇರುವುದು. ಹಿಂದೆ ಕಚೇರಿಯ ಕಿಟಕಿಯ ಮುಂದೆ ನಿಂತವನು ಗುಮಾಸ್ತನನ್ನು, "ಇಲ್ಲಿ ಏನು ಬರೆಯಬೇಕು ಸ್ವಾಮಿ?" ಎಂದು ಕೇಳಬಹುದಾಗಿತ್ತು. ಪರದೆಗೆ ಕಿವಿಯಿಲ್ಲ. ಬ್ಯಾಂಕು ಮೊದಲಾದವರು ಗುರುತಿನ ಪರೀಕ್ಷೆಗಾಗಿ ಕಣ್ಣು ಮಿಟುಕಿಸಿ ತೋರಿಸಬೇಕೆಂದು ಕೇಳುವ ಪದ್ಧತಿಯಿಂದ, ಆಸಿಡ್ ದಾಳಿಗೆ ತುತ್ತಾಗಿ ಕಣ್ಣು ಮಿಟುಕಿಸಲಾರದವರಿಗೂ ಅಂಧರಿಗೂ ಆಗುತ್ತಿದ್ದ ಅನ್ಯಾಯವು ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ನ್ಯಾಯಾಲಯವು 2025ರ ಏಪ್ರಿಲ್ 30ರ ತೀರ್ಪಿನಲ್ಲಿ ಡಿಜಿಟಲ್ ಸೇವೆಗಳಿಗೆ ಪ್ರವೇಶ ಪಡೆಯುವ ಹಕ್ಕು ಸಂವಿಧಾನದ 21ನೆಯ ಅನುಚ್ಛೇದದ ಜೀವಿಸುವ ಹಕ್ಕಿನೊಳಗೇ ಅಡಕವಾಗಿದೆಯೆಂದು ಸಾರಿತು. ಕಾಣದ ಗುಂಡಿಯು ಮುಚ್ಚಿದ ಬಾಗಿಲಿಗೆ ಸಮಾನವೆಂದು ನಾವು ಈ ತೀರ್ಪಿನ ಆಶಯವನ್ನು ಗ್ರಹಿಸಿದ್ದೇವೆ. ಭಾರತ ಸರಕಾರದ ಜಾಲತಾಣಗಳಿಗೆ 2009ರಿಂದಲೂ ಮಾರ್ಗಸೂತ್ರಗಳಿದ್ದು, ಅವುಗಳ ಮೂರನೆಯ ಆವೃತ್ತಿಯು 2023ರಲ್ಲಿ ಹೊರಟಿದೆ. ಸೂತ್ರಕ್ಕೆ ಕೊರತೆಯಿಲ್ಲ, ಆಚರಣೆಗೆ ಕೊರತೆ.

ಸರಳತೆಯಿಂದ ಸೌಂದರ್ಯವು ಕೆಡುತ್ತದೆಂದು ಕೆಲವರು ಆಕ್ಷೇಪಿಸಬಹುದು. ಬ್ರಿಟನ್ನಿನ ಸರಕಾರವು ತನ್ನ ಚದುರಿದ ಜಾಲತಾಣಗಳನ್ನು ಒಂದುಗೂಡಿಸುವುದಕ್ಕಾಗಿ 2012ರಲ್ಲಿ 'ಗೌ.ಯುಕೆ' ಎಂಬ ತಾಣವನ್ನು ತೆರೆಯಿತು. ದೊಡ್ಡ ಕಪ್ಪಕ್ಷರ, ಸ್ಪಷ್ಟವಾದ ಗುಂಡಿ, ಚಿಕ್ಕ ವಾಕ್ಯ. ಅದರಲ್ಲಿ ಇರುವುದು ಇಷ್ಟೇ. ಲಂಡನ್ನಿನ ಡಿಸೈನ್ ಮ್ಯೂಸಿಯಮ್ಮಿನವರು 2013ರಲ್ಲಿ ವರ್ಷದ ಶ್ರೇಷ್ಠ ವಿನ್ಯಾಸದ ಪಾರಿತೋಷಕವನ್ನು ಕೊಟ್ಟುದು ಈ ನಿರಾಭರಣ ತಾಣಕ್ಕೇ. ಮುಡಿದ ಹೂವಿಗಿಂತ ಹಣೆಯ ಕುಂಕುಮವು ದೊಡ್ಡದೆಂಬುದನ್ನು ನಮ್ಮವರಿಗೆ ಬೇರೆಯವರು ಕಲಿಸಬೇಕಾಗಿಲ್ಲ.

ಆದಕಾರಣ ಅಧಿಕಾರಿವರ್ಗದವರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ಸಾರ್ವಜನಿಕ ಪುಟವೊಂದನ್ನು ತೆರೆಯುವ ಮುನ್ನ ಅದನ್ನು ಮಂತ್ರಿಗಳಿಗೆ ತೋರಿಸಿದರೆ ಸಾಲದು; ಒಬ್ಬ ಪಿಂಚಣಿದಾರನಿಗೂ ಒಬ್ಬ ರೈತಮಹಿಳೆಗೂ ದೃಷ್ಟಿಯಿಲ್ಲದವನೊಬ್ಬನಿಗೂ ಕೊಟ್ಟು, ಪಕ್ಕದಲ್ಲಿ ಕುಳಿತು, ಬಾಯಿ ಮುಚ್ಚಿಕೊಂಡು ನೋಡತಕ್ಕದ್ದು. ಗುಂಡಿಯು ಗುಂಡಿಯಂತೆಯೇ ಕಾಣತಕ್ಕದ್ದು. 'ಬೇಡ' ಎಂಬುದು 'ಒಪ್ಪಿದೆ' ಎಂಬುದರಷ್ಟೇ ಎದ್ದು ಕಾಣತಕ್ಕದ್ದು. ಕನ್ನಡದ ಪುಟವನ್ನು ಕನ್ನಡದಲ್ಲಿಯೇ ಹೆಣೆಯತಕ್ಕದ್ದು. ಪರದೆಯ ಮೇಲೆ ಸೋತು ಬಂದವನಿಗೆ ಕಚೇರಿಯ ಕಿಟಕಿಯೊಂದು ತೆರೆದೇ ಇರತಕ್ಕದ್ದು.

ವಾಚಕರಲ್ಲಿಯೂ ಒಂದು ಬಿನ್ನಹ. ಪುಟವು ಅರ್ಥವಾಗದಿದ್ದಾಗ ತಲೆತಗ್ಗಿಸದೆ, ಇಂಥ ಪುಟದಲ್ಲಿ ಇಂಥ ತೊಡಕೆಂದು ಸಂಬಂಧಪಟ್ಟವರಿಗೆ ಎರಡು ಸಾಲು ಬರೆಯಿರಿ. ಆ ಉಪಾಧ್ಯಾಯರು ಇನ್ನೊಮ್ಮೆ ನಮ್ಮ ಕಚೇರಿಗೆ ಬಂದರೆ, ಅವರಿಂದಲೇ ಅಂಥ ಮೊದಲನೆಯ ಕಾಗದವನ್ನು ಬರೆಯಿಸುವುದೆಂದು ನಿಶ್ಚಯಿಸಿದ್ದೇವೆ. ಅವರ ಅಕ್ಷರವು ದುಂಡಗಿದೆ. ಓದುವವರಿಗೆ ಯಾವ ಕಷ್ಟವೂ ಆಗಲಾರದು.