ಪುನರ್ಪುಳಿ ಬೀಜ ಬಿಸಾಡುವ ಮೊದಲು

ಬೋಳಾರದಲ್ಲಿ ನನ್ನ ಚಿಕ್ಕಮ್ಮನ ಮನೆ ಉಂಟು, ಮಂಗಳಾದೇವಿ ದೇವಸ್ಥಾನದಿಂದ ನೇತ್ರಾವತಿ ಕಡೆಗೆ ಹೋಗುವಾಗ. ಸುದ್ದಿಗೆಂದು ಮಂಗಳೂರಿಗೆ ಹೋದರೆ ಮಧ್ಯಾಹ್ನದ ಊಟ ಅಲ್ಲೇ. ಜನವರಿಯಲ್ಲಿ ಹೋದಾಗ ಅವರ ಬಲಗೈಗೆ ಬಟ್ಟೆ ಸುತ್ತಿತ್ತು.

ಚಿಕ್ಕಮ್ಮ ಮೂವತ್ತು ವರ್ಷಗಳಿಂದ ಬೀಡಿ ಕಟ್ಟುತ್ತಿದ್ದಾರೆ. ಎಲೆ ನೆನೆಸಬೇಕು, ಕತ್ತರಿಸಬೇಕು, ಹೊಗೆಸೊಪ್ಪು ಮುಟ್ಟಬೇಕು. ಅದರ ಮೇಲೆ ಪಾತ್ರೆ ತೊಳೆಯುವ ಸೋಪು. ಮಂಗಳೂರಿನ ಸೆಕೆಗೆ ಚರ್ಮ ಒಣಗುವುದೆಲ್ಲಿ ಎಂದು ಹೊರಗಿನವರು ಕೇಳಬಹುದು. ಡಿಸೆಂಬರ್, ಜನವರಿಯಲ್ಲಿ ಬೆಳಗ್ಗೆ ಘಟ್ಟದ ಕಡೆಯಿಂದ ಒಣಗಾಳಿ ಬೀಸಿದಾಗ ಚಿಕ್ಕಮ್ಮನ ಬೆರಳ ತುದಿ ಪ್ರತಿ ವರ್ಷ ಸೀಳುತ್ತದೆ. ಈ ಸಲ ಮೊಮ್ಮಗಳು ಫೋನಿನಲ್ಲಿ ಒಂದು ವಿಡಿಯೊ ತೋರಿಸಿದಳು. ನಿಂಬೆರಸ, ಅಡುಗೆ ಸೋಡ, ಲೋಳೆಸರ, ರೋಸ್ ವಾಟರ್ ಕಲಸಿದರೆ 'ನ್ಯಾಚುರಲ್ ಮಾಯಿಶ್ಚರೈಸರ್' ಅಂತೆ. ಮೂರು ರಾತ್ರಿ ಹಚ್ಚಿದರು. ಸೀಳಿದಲ್ಲೆಲ್ಲ ಉರಿ ಎದ್ದು ಗುಳ್ಳೆ ಬಂತು. ಬೀಡಿಗೆ ಸಾವಿರದ ಲೆಕ್ಕದಲ್ಲಿ ಮಜೂರಿ. ಹತ್ತು ದಿನ ಕೈ ಆಡಲಿಲ್ಲ, ಹತ್ತು ದಿನದ ದುಡ್ಡೂ ಇಲ್ಲ.

ಮನೆಮದ್ದಿನ ಮೇಲೆ ನನಗೆ ಸಿಟ್ಟಿಲ್ಲ. ಅಡುಗೆಮನೆಯಲ್ಲಿ ಇರುವುದೆಲ್ಲ ಚರ್ಮಕ್ಕೆ ಒಳ್ಳೆಯದು ಎಂದು ಹೇಳುವವರ ಮೇಲೆ ಸಿಟ್ಟು. ನಿಂಬೆಹಣ್ಣು ಗಿಡದಲ್ಲೇ ಬೆಳೆದದ್ದು ನಿಜ, ಆದರೆ ಒಡೆದ ಚರ್ಮಕ್ಕೆ ಅದು ಬರೀ ಆಮ್ಲ. ಸೋಡ ಅದಕ್ಕೆ ತದ್ವಿರುದ್ಧ, ಕ್ಷಾರ. ಚರ್ಮದ ಮೇಲ್ಪದರ ಸ್ವಲ್ಪ ಆಮ್ಲೀಯವಾಗಿ ಇರಬೇಕಾದದ್ದನ್ನು ಕೆಡಿಸುತ್ತದೆ. ಲೋಳೆಸರದ ಎಲೆ ಕೊಯ್ದಾಗ ಸೋರುವ ಹಳದಿ ರಸ ಎಷ್ಟೋ ಜನರಿಗೆ ತುರಿಕೆ ತರುತ್ತದೆ. ಇನ್ನೊಂದು ತೊಂದರೆ ನೀರಿನದ್ದು. ನೀರಿನಂಶ ಇರುವ ಮನೆಯ ಕ್ರೀಮಿಗೆ ಕೆಡದಂತೆ ಕಾಯುವ ವಸ್ತು ಹಾಕಿರುವುದಿಲ್ಲ. ನಮ್ಮ ಸೆಕೆಗೆ ನಾಲ್ಕು ದಿನದಲ್ಲಿ ಬೂಸ್ಟು ಹಿಡಿಯುತ್ತದೆ, ಕಣ್ಣಿಗೆ ಕಾಣುವ ಮೊದಲೇ ಒಳಗೆ ಕ್ರಿಮಿ ಬೆಳೆದಿರುತ್ತದೆ. ಅದನ್ನು ಒಡೆದ ಕೈಗೆ ಹಚ್ಚುವುದೆಂದರೆ ಏನು, ನೀವೇ ಹೇಳಿ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ಮನೆಯಲ್ಲಿ ಕ್ರೀಮು ಮಾಡಲು ಹೋಗಬೇಡಿ. ನೀರು ಸೇರದ ಎಣ್ಣೆ, ತುಪ್ಪ ಮಾಡಿ. ಒಣಚರ್ಮಕ್ಕೆ ಬೇಕಾದದ್ದು ಒಳಗಿನ ತೇವ ಆರಿಹೋಗದಂತೆ ಮೇಲೊಂದು ಮುಚ್ಚಳ.

ತೆಂಗಿನಹಾಲು ಕಾಯಿಸಿ ತೆಗೆದ ಎಣ್ಣೆ ನಮ್ಮಲ್ಲಿ ಶಿಶುಗಳಿಗೆ ಹಚ್ಚುವ ಎಣ್ಣೆ. ಇದು ಅಜ್ಜಿಯರ ನಂಬಿಕೆ ಮಾತ್ರ ಅಲ್ಲ. ಫಿಲಿಪ್ಪೀನ್ಸ್‌ನ ವೈದ್ಯರು ತುರಿಕಜ್ಜಿಯಂಥ ಒಣಚರ್ಮ ರೋಗವಿದ್ದ 117 ಮಕ್ಕಳಲ್ಲಿ ಕೆಲವರಿಗೆ ಹಸಿ ತೆಂಗಿನ ಎಣ್ಣೆ, ಕೆಲವರಿಗೆ ಮಿನರಲ್ ಆಯಿಲ್ ಹಚ್ಚಿ 8 ವಾರ ನೋಡಿದರು. ತೆಂಗಿನೆಣ್ಣೆಯೇ ಮೇಲಾಯಿತು. ಆ ವರದಿ 2014ರಲ್ಲಿ ಬಂತು. ಆದರೆ 2025ರಲ್ಲಿ ತೆಂಗಿನೆಣ್ಣೆಗೆ ಬಂದ ರೇಟು ನೆನಪುಂಟಲ್ಲ? ಆಗ ಕೈಗೆ ಹಚ್ಚುವುದಿರಲಿ, ಒಗ್ಗರಣೆಗೂ ಲೆಕ್ಕ ಹಾಕಿದ್ದೇವೆ.

ಇಲ್ಲಿಗೆ ಪುನರ್ಪುಳಿ ಬರುತ್ತದೆ. ಮೇ ತಿಂಗಳಲ್ಲಿ ಸಿಪ್ಪೆ ಶರಬತ್ತಿಗೆ, ಸಾರಿಗೆ. ಬೀಜ ಗೊಬ್ಬರದ ಗುಂಡಿಗೆ. ಇದೇ ಹಣ್ಣನ್ನು ಮುರುಗಲು ಎನ್ನುವ ಉತ್ತರ ಕನ್ನಡದವರು ಆ ಬೀಜದಿಂದ ತುಪ್ಪ ತೆಗೆದು ಹಿಮ್ಮಡಿ ಒಡಕಿಗೆ ಹಚ್ಚುತ್ತಾರೆ. ಅದೇ ತುಪ್ಪ 'ಕೋಕಂ ಬಟರ್' ಎಂಬ ಹೆಸರಲ್ಲಿ ಸಣ್ಣ ಡಬ್ಬಿಯಲ್ಲಿ ಆನ್‌ಲೈನಿನಲ್ಲಿ ಮಾರಾಟಕ್ಕುಂಟು. ನಾವು ಬಿಸಾಡಿದ್ದನ್ನು ನಾವೇ ದುಡ್ಡು ಕೊಟ್ಟು ತರುವುದು, ಚಂದ ಅಲ್ಲವೇ!

ಮಾಡುವುದು ಕಷ್ಟವಿಲ್ಲ, ತಾಳ್ಮೆ ಬೇಕು. ಬೀಜದ ಅಂಟು ಹೋಗುವಂತೆ ತೊಳೆದು, ಮಳೆ ಹಿಡಿಯುವ ಮೊದಲು ಬಿಸಿಲಲ್ಲಿ ಗಲಗಲ ಎನ್ನುವಷ್ಟು ಒಣಗಿಸಿ. ಕುಟ್ಟಿ ಸಿಪ್ಪೆ ಗೇರಿ ತೆಗೆಯಿರಿ. ಒಳಗಿನ ತಿರುಳಿನಲ್ಲಿ ಸುಮಾರು ಮೂರನೇ ಒಂದು ಪಾಲು ಕೊಬ್ಬೇ. ಅದನ್ನು ಪುಡಿಮಾಡಿ ಧಾರಾಳ ನೀರಲ್ಲಿ ಕುದಿಸಿ, ರಾತ್ರಿಯಿಡೀ ಅಲುಗಾಡಿಸದೆ ಬಿಡಿ. ಬೆಳಗ್ಗೆ ಮೇಲೆ ಬಿಳಿಯ ಗಟ್ಟಿ ಪದರ ಕೂತಿರುತ್ತದೆ. ಅದನ್ನು ಎತ್ತಿ ಇನ್ನೊಮ್ಮೆ ಸಣ್ಣ ಉರಿಯಲ್ಲಿ ಚಟಪಟ ಸದ್ದು ನಿಲ್ಲುವವರೆಗೆ ಕಾಯಿಸಿ ಸೋಸಿ. ಸದ್ದು ನಿಲ್ಲದಿದ್ದರೆ ನೀರು ಉಳಿದಿದೆ ಎಂದೇ ಅರ್ಥ. ಆರಿದ ಮೇಲೆ ಮೇಣದ ಹಾಗೆ ಗಟ್ಟಿ, ಅಂಗೈಯಲ್ಲಿ ಉಜ್ಜಿದರೆ ಕರಗುತ್ತದೆ. ಮೆತ್ತಗೆ ಬೇಕಾದರೆ ಸಮಪಾಲು ತೆಂಗಿನೆಣ್ಣೆ ಸೇರಿಸಿ. ಸುವಾಸನೆಗೆಂದು ಏನೂ ಹಾಕಬೇಡಿ, ಸೂಕ್ಷ್ಮ ಚರ್ಮಕ್ಕೆ ಮೊದಲ ಶತ್ರು ಅದೇ.

ಮೊದಲು ಮೊಣಕೈಯ ಒಳಬದಿಗೆ ಚೂರು ಹಚ್ಚಿ ಎರಡು ದಿನ ನೋಡಿ. ತುರಿಸದಿದ್ದರೆ ಸ್ನಾನವಾದ ಕೂಡಲೇ, ಮೈ ಒದ್ದೆ ಇರುವಾಗಲೇ ಹಚ್ಚಿ. ಹಂಡೆಯ ಸುಡುನೀರು ಮಾತ್ರ ಬೇಡ. ಅದು ಇದ್ದ ಜಿಡ್ಡನ್ನೂ ಒಯ್ಯುತ್ತದೆ. ಪುನರ್ಪುಳಿ ಮರವೂ ಇಲ್ಲ, ತೆಂಗಿನೆಣ್ಣೆಗೂ ಕೈ ಹೋಗುವುದಿಲ್ಲ ಎನ್ನುವವರಿಗೆ ಮೆಡಿಕಲ್ಲಿನ ಪೆಟ್ರೋಲಿಯಂ ಜೆಲ್ಲಿಯೇ ಸಾಕು. ಅದು 'ನ್ಯಾಚುರಲ್' ಅಲ್ಲ ಎಂದು ನಾಚಬೇಕಿಲ್ಲ.

ಕೀವು ತುಂಬಿದರೆ, ಮಗು ತುರಿಸಿ ನಿದ್ದೆ ಬಿಟ್ಟರೆ ಎಣ್ಣೆ ಬದಿಗಿಟ್ಟು ವೆನ್ಲಾಕ್‌ಗೋ ಹತ್ತಿರದ ಆರೋಗ್ಯ ಕೇಂದ್ರಕ್ಕೋ ಹೋಗಿ. ಮಚ್ಚೆಯ ಜಾಗದಲ್ಲಿ ಮುಟ್ಟಿದ್ದೇ ಗೊತ್ತಾಗದಿದ್ದರೆ ಒಂದು ದಿನವೂ ತಡಮಾಡಬೇಡಿ. ಅದು ಕುಷ್ಠದ ಲಕ್ಷಣ ಇರಬಹುದು; ಸರಕಾರಿ ಆಸ್ಪತ್ರೆಯಲ್ಲಿ ಮದ್ದು ಉಚಿತ, ಬೇಗ ಹೋದರೆ ಪೂರ್ತಿ ಗುಣ.

ಮೇ ಕೊನೆಗೆ ನಮ್ಮ ತೋಟದ ಬೀಜದಿಂದ ತೆಗೆದ ತುಪ್ಪ ಒಂದು ಡಬ್ಬಿ ಬೋಳಾರಕ್ಕೆ ಕೊಂಡುಹೋದೆ. ಚಿಕ್ಕಮ್ಮ ಮೂಸಿ ನೋಡಿದರು. "ಪರಿಮಳವೇ ಇಲ್ಲವಲ್ಲ ಮಗಾ, ಇದು ಕೆಲಸ ಮಾಡ್ತದಾ?" ಜಿಡ್ಡು ಕೈಯಲ್ಲಿ ಬೀಡಿ ಎಲೆ ಹಿಡಿಯಲು ಆಗುವುದಿಲ್ಲವಾದ್ದರಿಂದ ಹಗಲು ಹಚ್ಚುವುದಿಲ್ಲ ಎಂದೂ ಹೇಳಿದರು. ರಾತ್ರಿ ಹಚ್ಚಿ ಹಳೆಯ ಕಾಲುಚೀಲ ಕೈಗೆ ಹಾಕಿ ಮಲಗಿ ಎಂದೆ. ಮೊಮ್ಮಗಳು ನಕ್ಕದ್ದೇ ನಕ್ಕದ್ದು. ಆದರೆ ಕಾಲುಚೀಲ ಹುಡುಕಿ ತಂದುಕೊಟ್ಟದ್ದೂ ಅವಳೇ.