ಮರುಭೂಮಿಯ ಕಾಳಿನ ಋಣ

ಉತ್ತರ ಭಾರತದಲ್ಲಿ ನೆಲೆಸಿದ ನಮ್ಮಂಥವರಿಗೆ ರಾಜ್ಮಾ ಈಗ ಮನೆಯದೇ ಅಡುಗೆ. ಆದರೆ ಈ ಬೆಳೆಗೆ ಸೆಕೆ ಆಗದು. ರಾತ್ರಿಯ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್ ಮೀರಿದರೆ ಪರಾಗ ಬಲಗುಂದುತ್ತದೆ, ಹೂವು ಉದುರಿ ಕಾಯಿ ಕಟ್ಟುವುದು ಕುಗ್ಗುತ್ತದೆ. ಕೊಲಂಬಿಯಾದ ಅಂತರರಾಷ್ಟ್ರೀಯ ಉಷ್ಣವಲಯ ಕೃಷಿ ಕೇಂದ್ರವು 2015ರಲ್ಲಿ ಪ್ರಕಟಿಸಿದ ತಾಪಸಹಿಷ್ಣು ತಳಿಗಳಲ್ಲಿ ಹಲವು, ರಾಜ್ಮಾವನ್ನು ಟೆಪರಿ ಎಂಬ ಪುಟ್ಟ ಕಾಳಿನೊಡನೆ ಸಂಕರಿಸಿ ಪಡೆದವು.

ಆ ಟೆಪರಿ ಪ್ರಯೋಗಾಲಯದ ಸೃಷ್ಟಿಯಲ್ಲ. ಸೊನೊರಾ ಮರುಭೂಮಿಯ ಟೊಹೊನೊ ಓಧಮ್ ಜನರು ಬೇಸಿಗೆಯ ಅಲ್ಪ ಮಳೆಯನ್ನೇ ನೆಚ್ಚಿ ತಲೆಮಾರುಗಳಿಂದ ಉಳಿಸಿಕೊಂಡು ಬಂದ ಕಾಳು ಅದು. ವಿಜ್ಞಾನವು ಇರುವ ಗುಣಗಳನ್ನು ಬೆಸೆಯಬಲ್ಲದು. ಅಳಿದ ಬೀಜವನ್ನು ಮರಳಿ ತರಲಾರದು. ಒಣನೆಲದಲ್ಲಿ ಬಾಳುವ ನಮ್ಮ ಹುರುಳಿಯನ್ನು ಬಡವರ ಕಾಳೆಂದು ಬದಿಗೊತ್ತುವ ಮುನ್ನ, ಇಳುವರಿಯೊಂದೇ ಬೆಳೆಯ ಬೆಲೆಯಲ್ಲ ಎಂಬುದನ್ನು ನಾವು ಒಪ್ಪಬೇಕು.