ಲೋಟದೊಳಗಿನ ಕಾಯಕ ಯಾರದು?



ಕಾಫಿ ಕುಡಿಯುವುದು ಸರಿಯೇ, ತಪ್ಪೇ ಎಂದು ನಮ್ಮ ಭಾಗದಲ್ಲಿ ಅನೇಕರು ಕೇಳುತ್ತಾರೆ. ಶ್ರಾವಣ ಬಂದಿತೆಂದರೆ ಕಾಫಿ ಬಿಡುವ ವ್ರತ ಹಿಡಿಯುವವರೂ, ಬಿಟ್ಟದ್ದನ್ನು ಹತ್ತು ಮನೆಗೆ ಹೇಳಿಕೊಂಡು ಬರುವವರೂ ಹೆಚ್ಚುತ್ತಾರೆ. ಅದು ವ್ಯಸನ, ಅದು ತಾಮಸ, ಶರಣರ ಮಾರ್ಗಕ್ಕೆ ಸಲ್ಲದ್ದು ಎಂಬುದು ಅವರ ವಾದ. ಈ ವಾದವನ್ನು ನಾವು ಒಪ್ಪಲಾರೆವು. ಶರಣರು ಬಾಳಿದ್ದು 12ನೆಯ ಶತಮಾನದಲ್ಲಿ. ಬಾಬಾ ಬುಡನ್ ಎಂಬ ಸೂಫಿ ಸಂತರು ಯೆಮೆನ್ನಿನ ಮೋಚಾ ಬಂದರಿನಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಪ್ರತೀತಿ 17ನೆಯ ಶತಮಾನದ್ದು. ಶರಣರು ಕಂಡೇ ಇರದ ಪಾನೀಯವನ್ನು ಶರಣರೇ ನಿಷೇಧಿಸಿದರೆನ್ನುವುದು ಅವರ ಬಾಯಲ್ಲಿ ನಮ್ಮ ಮಾತನ್ನು ತುರುಕಿದಂತೆ.

ಹಾಗಾದರೆ ಕಾಫಿಯಲ್ಲಿ ವಿಚಾರಿಸಬೇಕಾದದ್ದು ಏನೂ ಇಲ್ಲವೇ? ಇದೆ. ಆಯ್ದಕ್ಕಿ ಲಕ್ಕಮ್ಮನವರ ಕಥೆಯನ್ನು ನೆನೆಯಿರಿ. ಪತಿ ಮಾರಯ್ಯನವರು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಆ ತಾಯಿ ಅದನ್ನು ಒಲೆಗೆ ಇಡಲಿಲ್ಲ, ಹಿಂದಿರುಗಿಸಿ ಬರುವಂತೆ ಕಳುಹಿಸಿದರು. ಅಕ್ಕಿ ಸಾತ್ವಿಕವೋ ತಾಮಸವೋ ಎಂದು ಅವರು ನೋಡಲಿಲ್ಲ. ಅದು ಹೇಗೆ ಬಂದಿತೆಂದು ನೋಡಿದರು. ನಮ್ಮ ಮನೆಯ ಕಾಫಿಪುಡಿಗೂ ಹಾಕಬೇಕಾದ ಪ್ರಶ್ನೆ ಇದೇ.

ನಮ್ಮ ಜಿಲ್ಲೆಗೂ ಕಾಫಿಗೂ ಏನು ಸಂಬಂಧ ಎನ್ನಬೇಡಿ. ಹಿರಿಯೂರಿನ ವಾಣಿವಿಲಾಸ ಸಾಗರವನ್ನು ತುಂಬುವ ವೇದಾವತಿ ಆ ಬಾಬಾ ಬುಡನ್ ಗಿರಿಯ ಮಗಳೇ. ವೇದಾ, ಅವತಿ ಎಂಬ ಎರಡು ತೊರೆಗಳಾಗಿ ಅಲ್ಲಿ ಹುಟ್ಟಿ, ಕಡೂರಿನ ಬಳಿ ಕೂಡಿ, ಹೊಸದುರ್ಗದ ಸೀಮೆಯನ್ನು ಹಾದು ಮಾರಿಕಣಿವೆಗೆ ಬರುತ್ತಾಳೆ. 1933ರ ನಂತರ 2022ರಲ್ಲಿ ಕೋಡಿ ಬಿದ್ದಾಗ ನಾವೆಲ್ಲ ಬಾಗಿನ ಹಿಡಿದು ನಿಂತೆವು. ಬೆಟ್ಟದಿಂದ ನೀರು ನಮ್ಮಲ್ಲಿಗೆ ಇಳಿಯುತ್ತದೆ. ಇಲ್ಲಿಂದ ಜನ ಆ ಬೆಟ್ಟಕ್ಕೆ ಏರುತ್ತಾರೆ. ನವೆಂಬರಿನಿಂದ ಫೆಬ್ರವರಿಯವರೆಗೆ ಕಾಫಿ ಕೊಯ್ಲು. ರಾಗಿಯ ಸುಗ್ಗಿ ಮುಗಿದರೆ ಮಳೆಯನ್ನೇ ನಂಬಿದ ಹಳ್ಳಿಗಳಲ್ಲಿ, ತಾಂಡಾಗಳಲ್ಲಿ ಕೈಗೆ ಕೆಲಸವಿರುವುದಿಲ್ಲ. ಮೇಸ್ತ್ರಿ ಬಂದು ಮುಂಗಡ ಕೊಡುತ್ತಾನೆ, ಮನೆಗೆ ಬೀಗ ಬೀಳುತ್ತದೆ, ಕುಟುಂಬವೇ ಘಟ್ಟಕ್ಕೆ ಹೋಗುತ್ತದೆ. 2006ರಲ್ಲಿ ಉದ್ಯೋಗ ಖಾತ್ರಿ ಯೋಜನೆ ಮೊದಲ ಹಂತದಲ್ಲಿಯೇ ಬಂದ ರಾಜ್ಯದ 5 ಜಿಲ್ಲೆಗಳಲ್ಲಿ ಚಿತ್ರದುರ್ಗವೂ ಒಂದು. ಘಟ್ಟದ ದಾರಿ ಅದರಿಂದಲೂ ಮುಚ್ಚಲಿಲ್ಲ.

ಅಲ್ಲಿ ಕೂಲಿ ಸಾಮಾನ್ಯವಾಗಿ ತೂಕದ ಲೆಕ್ಕ. ಹಣ್ಣಾದ ಕಾಯಿಯನ್ನು ಒಂದೊಂದಾಗಿ ಬಿಡಿಸಬೇಕು. ಸಂಜೆ ಚೀಲ ತಕ್ಕಡಿಗೆ ಏರಬೇಕು. ಹೆಚ್ಚು ಕೈ ಸೇರಿದಷ್ಟೂ ಚೀಲ ತುಂಬುತ್ತದೆಯಾದ್ದರಿಂದ ಮಗುವಿನ ಕೈಯೂ ಗಿಡಕ್ಕೆ ಹೋಗುತ್ತದೆ. ಮುಂಗಡದ ಕಥೆಯೋ ಬಹಳ ಹಳೆಯದು. ಬ್ರಿಟಿಷರ 1859ರ ಕಾನೂನೊಂದು ಮುಂಗಡ ಪಡೆದು ಕೆಲಸ ಬಿಟ್ಟ ಕೂಲಿಯವನನ್ನು ಅಪರಾಧಿಯೆಂದು ಶಿಕ್ಷಿಸುತ್ತಿತ್ತು. ಮುಂಗಡದ ಸಾಲಕ್ಕೆ ದುಡಿಮೆಯನ್ನು ಒತ್ತೆಯಿಡಿಸುವುದನ್ನು 1976ರ ಜೀತ ನಿರ್ಮೂಲನಾ ಕಾಯಿದೆ ನಿಷೇಧಿಸಿತು. ವಸತಿ, ವೈದ್ಯ, ಶಿಶುವಿಹಾರ ಒದಗಿಸಬೇಕೆಂಬ ತೋಟ ಕಾರ್ಮಿಕರ ಕಾಯಿದೆ 1951ರಲ್ಲಿಯೇ ಬಂದಿತ್ತು. ಆದರೆ ಸಣ್ಣ ತೋಟಗಳು ಅದರ ಹೊರಗೇ ಉಳಿದವು. ಮೂರು ತಿಂಗಳ ಮಟ್ಟಿಗೆ ಬಂದು ಹೋಗುವವರ ಹೆಸರು ಯಾವ ಪುಸ್ತಕದಲ್ಲಿ ಇರಬೇಕು, ಹೇಳಿ?

ಬೆಳೆಗಾರರೆಲ್ಲ ದುಷ್ಟರೆಂದು ನಾವು ಹೇಳುತ್ತಿಲ್ಲ. 2001-02ರಲ್ಲಿ ಬೆಲೆ ಕುಸಿದಾಗ ಸಣ್ಣ ಬೆಳೆಗಾರರು ಸಾಲದಲ್ಲಿ ಮುಳುಗಿದ್ದು ಸುಳ್ಳಲ್ಲ. ಕೂಲಿಯನ್ನು ಉಳ್ಳವರಂತೆಯೇ ನಡೆಸಿಕೊಳ್ಳುವ ತೋಟಗಳೂ ಇವೆ. ಆದರೆ 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಪೇಟೆಯಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರು ದಾಟಿ ದಾಖಲೆ ಬರೆಯಿತಲ್ಲ, ಆಗ ಬಿಡಿಸಿದ ಕೈಗೆ ಎಷ್ಟು ಏರಿತು? ನಷ್ಟದಲ್ಲಿ ಪಾಲುಗಾರನಾದ ಕೂಲಿಯವನು ಲಾಭದಲ್ಲಿ ಯಾಕೆ ಹೊರಗಿನವನು? ಇದಕ್ಕೆ ನೇರ ಉತ್ತರ ಕೊಟ್ಟವರನ್ನು ನಾವಿನ್ನೂ ಕಂಡಿಲ್ಲ.

ದುಡ್ಡು ಕೊಟ್ಟು ಕೊಂಡ ಮೇಲೆ ಅದು ನಮ್ಮದು, ವಿಚಾರ ಯಾಕೆ ಎನ್ನುವವರೂ ಇದ್ದಾರೆ. ಮಾರಯ್ಯನವರೂ ಕದ್ದು ತಂದಿರಲಿಲ್ಲ ಎಂಬುದನ್ನು ಅವರು ಮರೆಯುತ್ತಾರೆ. ಇನ್ನು ಕಾಫಿ ಬಿಟ್ಟವರಿಗೆ ಒಂದು ಮಾತು. ನೀವು ಬಿಟ್ಟಿದ್ದರಿಂದ ತೋಟದ ಮೂಲೆಯ ಶೆಡ್ಡಿನಲ್ಲಿ ಮಲಗುವ ತಾಯಿಗೆ ಒಂದು ಕಂಬಳಿ ಹೆಚ್ಚಿಗೆ ಬಂದಿತೇ? ನಿಮ್ಮ ನಾಲಿಗೆ ಶುದ್ಧವಾಯಿತು, ಅಷ್ಟೇ. (ಈ ಬರಹ ಬರೆಯುವಾಗ ನಾವೂ ಎರಡು ಲೋಟ ಕುಡಿದಿದ್ದೇವೆ, ಮುಚ್ಚಿಡುವುದಿಲ್ಲ.)

ದಾಸೋಹದ ಹಂಡೆಗೆ, ಮದುವೆಯ ಮನೆಗೆ ಮೂಟೆಗಟ್ಟಲೆ ಪುಡಿ ಕೊಳ್ಳುವವರು ನಾವು. ಕೊಳ್ಳುವಾಗ ಯಾವ ತೋಟದ್ದು, ಅಲ್ಲಿ ಕೂಲಿಯವರಿಗೆ ಮನೆಯಿದೆಯೇ, ಮುಂಗಡ ಹೇಗೆ ತೀರಿಸಿಕೊಳ್ಳುತ್ತಾರೆ ಎಂದು ಕೇಳೋಣ. ಅಂಗಡಿಯವರು ನಗಬಹುದು, ಹತ್ತು ಜನ ಕೇಳಿದರೆ ನಗು ನಿಲ್ಲುತ್ತದೆ. ಹೊಳಲ್ಕೆರೆ, ಹೊಸದುರ್ಗ, ಹಿರಿಯೂರಿನ ನಮ್ಮ ಓದುಗರು ಈ ಜನವರಿಯಲ್ಲಿ ಊರಿನ ಶಾಲೆಗೆ ಒಮ್ಮೆ ಹೋಗಿ ಬರಲಿ. ಹಾಜರಿ ಪುಸ್ತಕದಲ್ಲಿ ತಿಂಗಳುಗಟ್ಟಲೆ ಗೈರಾದ ಹೆಸರುಗಳಿದ್ದರೆ, ಆ ಮಕ್ಕಳು ಎಲ್ಲಿದ್ದಾರೆಂದು ಶಿಕ್ಷಕರನ್ನು ಕೇಳಿ ನಮಗೂ ತಿಳಿಸಲಿ.